ಮಾಸ್ಕೋದಲ್ಲಿ ಪುರಾಣ ಹಚ್ಚಿದ್ದು

ರಷ್ಯಾ ನೋಡಿ ಬಂದವರು ಅಲ್ಲಿಯ ಅರಮನೆ, ಸೇತುವೆ, ನೆಲದೊಳಗೆ ಓಡುವ ರೈಲುಗಳ ಬಗ್ಗೆ ಬರೆಯುವುದು ವಾಡಿಕೆ. ನಾನು ನೋಡಿದ್ದು ಒಂದು ತರಗತಿ, ಒಂದು ಹಾಸ್ಟೆಲ್ಲು ಮತ್ತು ಒಬ್ಬನೇ ಕಾದಂಬರಿಕಾರನ ಮೂರು ದಪ್ಪ ಪುಸ್ತಕಗಳು. ಅಷ್ಟನ್ನು ನೋಡಲು ಒಂದು ಚಳಿಗಾಲ ಹಿಡಿಯಿತು. ತಿಳಿದುಕೊಳ್ಳುವ ಕೆಲಸ ಇನ್ನೂ ನಡೆದಿದೆ. ಆದ್ದರಿಂದ ಅಲ್ಲಿಯ ದೊಡ್ಡ ಗಂಟೆ ಎಷ್ಟು ಭಾರ ಎಂದು ಈ ಬರಹದಲ್ಲಿ ಹುಡುಕುವವರಿಗೆ ನಿರಾಶೆಯಾದೀತು. ಗಂಟೆಯ ಮುಂದೆ ನಾನು ನಿಂತದ್ದು ಖರೆ. ಆದರೆ ಆಗ ನನ್ನ ಎಡಗಿವಿ ಥಂಡಿಗೆ ಸೆಟೆದು, ಅದು ಇನ್ನೂ ತಲೆಗೆ ಹತ್ತಿಕೊಂಡಿದೆಯೋ ಇಲ್ಲವೋ ಎಂಬ ಚಿಂತೆಯಲ್ಲಿದ್ದೆ.

ಆ ಕಾದಂಬರಿಕಾರರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಹಿರಿಯರ ಹೆಸರು ಹಿಡಿದು ಕರೆಯುವ ಪದ್ಧತಿ ನಮ್ಮ ಮನೆತನದಲ್ಲಿಲ್ಲ. ಪುಸ್ತಕದ ಹೊದಿಕೆಯ ಮೇಲೆ ಎದೆತನಕ ಇಳಿದಿದ್ದ ಗಡ್ಡವನ್ನು ನೋಡಿ ನನ್ನ ಹೆಂಡತಿಯ ಅಣ್ಣ ಶಿವಪುತ್ರಪ್ಪ 'ರಷ್ಯಾದ ಮುತ್ಯಾ' ಎಂದು ಹೆಸರಿಟ್ಟ. ನಮ್ಮ ಕಡೆ ಮುತ್ಯಾ ಎಂದರೆ ಅಜ್ಜ. ಅದೇ ಇರಲಿ.

ಹುಬ್ಬಳ್ಳಿ ಸ್ಟೇಶನ್

ನಾನು ಕುಂದಗೋಳ ತಾಲೂಕಿನ ಕುಬಿಹಾಳದವನು. ಎಂಬತ್ತರ ದಶಕದಲ್ಲಿ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ಹಂಗಾಮಿ ಉಪನ್ಯಾಸಕನಾಗಿದ್ದೆ. ಹಂಗಾಮಿ ಉಪನ್ಯಾಸಕ ಎಂದರೆ ಪ್ರತಿ ಜೂನ್ ತಿಂಗಳಲ್ಲಿ ಹುಟ್ಟಿ ಪ್ರತಿ ಮಾರ್ಚ್ ತಿಂಗಳಲ್ಲಿ ಸಾಯುವ ಪ್ರಾಣಿ. ಹೀಗೆ ಎಷ್ಟೋ ಜನ್ಮ ಕಳೆದ ಮೇಲೆ, ರಷ್ಯಾದ ಸ್ನೇಹ ಸಂಘವೊಂದು ಮುತ್ಯಾನ ಮುಖ್ಯ ಕಾದಂಬರಿಗಳನ್ನು ಮಾಸ್ಕೋದ ವಿಶ್ವವಿದ್ಯಾಲಯದಲ್ಲಿ ಓದಲು ನಮ್ಮ ಭಾಗದಿಂದ ಇಬ್ಬರು ಅಧ್ಯಾಪಕರನ್ನು ಕರೆಸಿಕೊಳ್ಳುತ್ತದೆ, ಕೊನೆಗೆ ಒಂದು ಪರೀಕ್ಷೆ ಇರುತ್ತದೆ ಎಂದು ತಿಳಿಯಿತು. ಅರ್ಜಿ ಹಾಕಿದೆ, ಆಯ್ಕೆಯಾದೆ. ಅರ್ಜಿ ಹಾಕಿದವರೂ ಇಬ್ಬರೇ ಎಂಬುದು ಗೊತ್ತಾಗುವಷ್ಟರಲ್ಲಿ ನನಗೆ ಮೂರು ಕಡೆ ಹಾರ ಹಾಕಿ ಆಗಿತ್ತು.

ಕಾಲೇಜಿನ ಚೇರ್ಮನ್ನರು ಮನೆಗೆ ಕರೆಸಿ ಚಹಾ ಕುಡಿಸಿದರು. ಮುಂದಿನ ವರ್ಷ ಮುತ್ಯಾನ ಮೇಲೆ ಒಂದು ಹೊಸ ಪಾಠ ಇಡುವ ಹುಕಿ ಅವರಿಗೆ ಬಂದಿತ್ತು.

“ನೋಡ್ರಿ ಈರಪ್ಪ, ಆ ಪರೀಕ್ಷಾ ಪಾಸ್ ಮಾಡ್ಕೊಂಡ ಬರ್ರಿ. ನಿಮ್ಮನ್ನ ಕಾಯಂ ಮಾಡೂದು ನನ್ನ ಜವಾಬ್ದಾರಿ. ಪಾಸಾಗದನ ಬಂದ್ರಿ ಅಂದ್ರ ಈ ಕಡೆ ಹಾಯಬ್ಯಾಡ್ರಿ. ನನಗೂ ಮಂದಿಗೆ ಮುಖಾ ತೋರ್ಸೂದಿರತೈತಿ,” ಎಂದರು.

ಈ ಸುದ್ದಿ ಶಿವಪುತ್ರಪ್ಪನಿಗೂ ಮುಟ್ಟಿತು. ಅವನದು ನವಲಗುಂದದಲ್ಲಿ ಕಿರಾಣಿ ಅಂಗಡಿ. ನನ್ನನ್ನು ಕಳಿಸಲು ಹುಬ್ಬಳ್ಳಿ ಸ್ಟೇಶನ್ನಿಗೆ ಬಂದವನು ಪ್ಲಾಟ್‌ಫಾರ್ಮಿನ ಮೇಲೆ, ಎಲ್ಲರಿಗೂ ಕೇಳುವಂತೆ, “ಮಾಸ್ತರ, ಪಾಸಾದ್ರ ಕಾಲೇಜ ಐತಿ, ನಪಾಸಾದ್ರ ನಮ್ಮ ತಕ್ಕಡಿ ಐತಿ. ಎರಡೂ ಕುಂತ ಮಾಡೂ ಕೆಲಸಾನ ಬಿಡ್ರಿ,” ಎಂದ. ಪ್ರೀತಿಯಿಂದಲೇ ಅಂದದ್ದು. ಅವನ ಪ್ರೀತಿಗೆ ನಾನು ಅಂಜುತ್ತಿದ್ದುದು ಅದಕ್ಕಾಗಿಯೇ.

ಗಾಡಿ ಅಲುಗಿದಾಗ ನನ್ನ ಹೆಂಡತಿ ಗಿರಿಜಾ ಕಿಟಕಿಯ ಹತ್ತಿರ ಬಂದು ಸಣ್ಣ ದನಿಯಲ್ಲಿ, “ನಮ್ಮಣ್ಣನ ಅಂಗಡ್ಯಾಗ ನೀವು ಬ್ಯಾಳಿ ತೂಗೂದು ನನಗ ನೋಡೂದಾಗೂದಿಲ್ರಿ,” ಎಂದಳು. ಮಾಸ್ಕೋ ತನಕ ನನ್ನ ಜೊತೆ ಬಂದದ್ದು ಆ ಮಾತು ಮತ್ತು ಒಂದು ಗಂಟು ಖಡಕ್ ರೊಟ್ಟಿ.

ರೊಟ್ಟಿಯಿಂದ ಮಾಸ್ಕೋದ ವಿಮಾನ ನಿಲ್ದಾಣದಲ್ಲಿ ಸ್ವಲ್ಪ ಪೇಚಾಯಿತು. ಕಸ್ಟಮ್ಸಿನ ತರುಣ ಅಧಿಕಾರಿ ಒಂದು ರೊಟ್ಟಿಯನ್ನು ತೆಗೆದು ಬೆರಳಿನಿಂದ ಬಡಿದು ನೋಡಿದ. ಟಣ್ ಎಂದಿತು. ಇನ್ನೊಬ್ಬನನ್ನು ಕರೆದ; ಅವನೂ ಬಡಿದ. ಇದು ತಿನ್ನುವ ವಸ್ತು ಎಂದು ತೋರಿಸಲು ನಾನು ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡೆ. ನನ್ನ ದವಡೆಯ ಸಪ್ಪಳ ಕೇಳಿ ಇಬ್ಬರೂ ಒಂದು ಹೆಜ್ಜೆ ಹಿಂದೆ ಸರಿದು, ಗಂಭೀರವಾಗಿ ಠಸ್ಸೆ ಒತ್ತಿ ಬಿಟ್ಟುಬಿಟ್ಟರು.

ಹಾಸ್ಟೆಲ್ಲು

ಆಯ್ಕೆಯಾದ ಇನ್ನೊಬ್ಬರು ಕಲಘಟಗಿಯ ಸುಶೀಲಾ ಅಕ್ಕೋರು. ನಮ್ಮ ಕಡೆ ಶಾಲೆ ಕಲಿಸುವ ಹೆಣ್ಣುಮಕ್ಕಳನ್ನು ಅಕ್ಕೋರು ಎನ್ನುತ್ತಾರೆ. ಇವರು ಕಾಲೇಜು ಸೇರಿದರೂ ಆ ಪದವಿ ಬಿಟ್ಟಿರಲಿಲ್ಲ. ನಿವೃತ್ತಿಗೆ ಹತ್ತಿರವಾದವರು, ಮುತ್ಯಾನ ಮೂರೂ ಕಾದಂಬರಿಗಳನ್ನು ಬರುವ ಮೊದಲೇ ಓದಿ ಮುಗಿಸಿದವರು. ನಾನು ಒಂದನ್ನು ಅರ್ಧ ಓದಿದ್ದೆ, ಅದೂ ಸಂಕ್ಷಿಪ್ತ ಆವೃತ್ತಿ. ಮುಂಬೈ ದಾಟುವ ಮೊದಲೇ ಅವರಿಗೆ ಅದು ಗೊತ್ತಾಗಿ, ನನ್ನನ್ನು 'ತಮ್ಮಾ' ಎಂದು ಕರೆಯಲು ಸುರುಮಾಡಿದರು.

ಮಾಸ್ಕೋದಲ್ಲಿ ಯಾವ ಕಟ್ಟಡವನ್ನು ಹೊಕ್ಕರೂ ಮೊದಲು ಮೈಮೇಲಿನ ಕೋಟನ್ನು ಬಾಗಿಲಲ್ಲಿ ಕೂತ ಹೆಂಗಸಿಗೆ ಒಪ್ಪಿಸಬೇಕು. ಗುಡಿಗೆ ಹೋದರೆ ಕಾಲ್ಮರಿ, ಇಲ್ಲಿ ಕೋಟು. ನಾನೂ ಒಪ್ಪಿಸಿದೆ. ಆಕೆ ಅದನ್ನು ಹಿಂದೆಮುಂದೆ ತಿರುಗಿಸಿ, ಕಾಲರಿನೊಳಗೆ ಬೆರಳು ಹಾಕಿ ಹುಡುಕಿ, ನನ್ನನ್ನು ಬೈಯತೊಡಗಿದಳು. ಏನು ಕಳುವಾಗಿದೆ ಎಂದು ನಾನು ಗಾಬರಿಯಾದೆ. ಆಮೇಲೆ ತಿಳಿದದ್ದೆಂದರೆ ಅಲ್ಲಿಯ ಕೋಟುಗಳಿಗೆಲ್ಲ ಕಾಲರಿನ ಹಿಂದೆ ಮೊಳೆಗೆ ಸಿಗಿಸುವ ಒಂದು ಕುಣಿಕೆ ಇರುತ್ತದೆ. ಹುಬ್ಬಳ್ಳಿಯ ದರ್ಜಿ ಅದನ್ನು ಇಟ್ಟಿರಲಿಲ್ಲ. ಪಾಪ, ಇಂಥ ದೇಶ ಇದೆಯೆಂದು ಅವನಿಗೇನು ಗೊತ್ತು. ಆ ಹೆಂಗಸು ಇಡೀ ಸಾಲನ್ನು ನಿಲ್ಲಿಸಿ, ಡಬ್ಬಿಯಿಂದ ಸೂಜಿ-ದಾರ ತೆಗೆದು, ಬೈಯುತ್ತಲೇ ಒಂದು ಕುಣಿಕೆ ಹೊಲಿದುಕೊಟ್ಟಳು. ಹೊಲಿಗೆ ಅಗದಿ ಗಟ್ಟಿ. ಬೈಗುಳ ಮತ್ತು ಉಪಕಾರ ಒಂದೇ ದಾರದಲ್ಲಿ ಬರುವ ಈ ಪದ್ಧತಿ ನನಗೆ ನಮ್ಮ ಅಬಚಿಯನ್ನು, ಅಂದರೆ ಅವ್ವನ ತಂಗಿಯನ್ನು, ನೆನಪಿಗೆ ತಂದಿತು.

ತರಗತಿಯಲ್ಲಿ ಹಂಗೇರಿಯವರು, ಕ್ಯೂಬಾದವರು, ವಿಯೆಟ್ನಾಮಿನವರು, ಮಂಗೋಲಿಯದವರು ಇದ್ದರು. ಪಾಠ ಇಂಗ್ಲಿಷಿನಲ್ಲಿ. ಕಾದಂಬರಿಯ ಪಾತ್ರಗಳಿಗೆಲ್ಲ ಮೂರು ಮೂರು ಹೆಸರು ಎಂದು ಎಲ್ಲರೂ ಗೋಳಾಡುತ್ತಿದ್ದರು. ಇದೊಂದು ವಿಷಯದಲ್ಲಿ ಮಾತ್ರ ನನಗೆ ಗೊಂದಲವಾಗಲಿಲ್ಲ. ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು: ನಮ್ಮ ಜಿಲ್ಲೆಯ ಮತದಾರರ ಯಾದಿಯೂ ಹಾಗೇ ಇರುತ್ತದೆ. ನಮಗೆ ಕಲಿಸುತ್ತಿದ್ದ ಪ್ರೊಫೆಸರ್ ಲಿದಿಯಾ ಆಂದ್ರೇಯೆವ್ನಾ ಮೊದಲ ದಿನ ನನ್ನ ತಂದೆಯ ಹೆಸರು ಕೇಳಿ, ಬಸಪ್ಪ ಎಂದು ತಿಳಿದ ಕೂಡಲೇ ನನ್ನನ್ನು ಈರಪ್ಪ ಬಸಪ್ಪೋವಿಚ್ ಮಾಡಿಬಿಟ್ಟರು. ತಂದೆಯವರು ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಅಷ್ಟು ದೂರದ ದೇಶದಲ್ಲಿ ದಿನಾಲೂ ಅವರ ಹೆಸರು ಕೇಳುವುದು ಒಂದು ನಮೂನೆ ಹಿತವಾಗಿತ್ತು. ಪಾಠ ತಿಳಿಯದಿದ್ದಾಗ ಮಾತ್ರ ಇಬ್ಬರಿಗೂ ಕೂಡಿ ಅವಮಾನವಾದಂತೆ ಅನಿಸುತ್ತಿತ್ತು.

ಲಿದಿಯಾ ಆಂದ್ರೇಯೆವ್ನಾ ಬೂದುಬಣ್ಣದ ಶಾಲು ಹೊದ್ದ, ಎತ್ತರದ, ವಯಸ್ಸಾದ ಹೆಣ್ಣುಮಗಳು. ನಗು ಎಂಬುದನ್ನು ಅವರು ಹಬ್ಬಕ್ಕೆಂದು ಎತ್ತಿಟ್ಟಿದ್ದರೋ ಏನೋ. ಅಲ್ಲಿಯ ಹಬ್ಬಗಳು ನನಗೆ ಗೊತ್ತಿರಲಿಲ್ಲವಾದ್ದರಿಂದ ಕಾಯುತ್ತ ಕೂತಿದ್ದೆ.

ಸಕ್ಕರೆ ಹಂಚಿದ ದಿನ

ಪ್ರತಿಯೊಬ್ಬ ವಿದ್ಯಾರ್ಥಿಯೂ ಸರದಿಯ ಪ್ರಕಾರ ಒಂದು ಅಧ್ಯಾಯವನ್ನು ಓದಿ ವಿವರಿಸಬೇಕಿತ್ತು. ನನ್ನ ಪಾಲಿಗೆ ಬಂದದ್ದು ಒಬ್ಬ ಜಮೀನ್ದಾರನ ಮನೆಯಲ್ಲಿ ಬಹಳ ದಿನಗಳ ಮೇಲೆ ಗಂಡುಮಗು ಹುಟ್ಟುವ ಅಧ್ಯಾಯ. ಅದನ್ನು ಹೇಗೆ ವಿವರಿಸಬೇಕು ಎಂದು ನಾನು ತಲೆ ಕೆಡಿಸಿಕೊಂಡೆ. ಹಂಗೇರಿಯವನು ಹಿಂದಿನ ವಾರ ಒಂದು ಬಾಲ್ ನೃತ್ಯದ ಅಧ್ಯಾಯದಿಂದ ಭೂಮಾಲೀಕ ವರ್ಗದ ಅವನತಿಯನ್ನು ಹೊರಗೆ ತೆಗೆದಿದ್ದ. ನೃತ್ಯದಲ್ಲಿ ಅದು ಎಲ್ಲಿ ಅಡಗಿತ್ತು ಎಂದು ನಾನು ರಾತ್ರಿ ಮತ್ತೊಮ್ಮೆ ಓದಿ ನೋಡಿದ್ದೆ, ಸಿಕ್ಕಿರಲಿಲ್ಲ.

ಪುಸ್ತಕ ಓದುವ ಒಂದೇ ಪದ್ಧತಿ ನನಗೆ ಹುಟ್ಟಿನಿಂದ ಬಂದದ್ದು. ಶ್ರಾವಣದಲ್ಲಿ ನಮ್ಮೂರ ಮಠದಲ್ಲಿ ಪುರಾಣ ಹಚ್ಚುತ್ತಾರೆ. ಒಬ್ಬರು ಪದ್ಯ ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ. ಅರ್ಥ ಹೇಳುತ್ತಿದ್ದವರು ನಮ್ಮ ತಂದೆ. ಊರಿನ ಮಂದಿ ಕೇಳುವುದಷ್ಟೇ ಅಲ್ಲ, ಪುರಾಣದೊಳಗೆ ಹೊಕ್ಕು ಕೂತುಬಿಡುತ್ತಾರೆ. ಶರಣರು ಹುಟ್ಟುವ ಪ್ರಸಂಗ ಬಂದ ದಿನ ಕಲಘಟಗಿಯ ಬಣ್ಣದ ತೊಟ್ಟಿಲು ಕಟ್ಟಿ ಹೆಂಗಸರು ಜೋಗುಳ ಹಾಡಿ ಸಕ್ಕರೆ ಹಂಚುತ್ತಾರೆ. ಮದುವೆಯ ದಿನ ಅಕ್ಷತೆ ಒಗೆದು ಹೋಳಿಗೆ ಉಣ್ಣುತ್ತಾರೆ.

ಮಾಸ್ಕೋದಲ್ಲಿ ತೊಟ್ಟಿಲು ಎಲ್ಲಿಂದ ತರಲಿ. ಸಕ್ಕರೆಯ ಚೌಕಗಳು ಸಿಕ್ಕವು. ಅಧ್ಯಾಯ ಓದಿ ಮುಗಿಸಿ, ಮಗು ಹುಟ್ಟಿತು ಎಂದು ಹೇಳಿ, ಸಾಲಾಗಿ ಎಲ್ಲರ ಕೈಗೂ ಒಂದೊಂದು ಚೌಕ ಇಟ್ಟೆ. ವಿಯೆಟ್ನಾಮಿನ ಹೆಣ್ಣುಮಗಳು ಎದ್ದು ನಿಂತು ನನಗೆ ಅಭಿನಂದನೆ ಹೇಳಿದಳು. ಲಿದಿಯಾ ಆಂದ್ರೇಯೆವ್ನಾ ಸಕ್ಕರೆಯನ್ನು ಅಂಗೈಯಲ್ಲಿಟ್ಟುಕೊಂಡು, ನಿಮ್ಮ ಮನೆಯಲ್ಲಿ ಮಗು ಹುಟ್ಟಿದೆಯೇ ಎಂದು ಕೇಳಿದರು. ಇಲ್ಲ, ಇವರ ಮನೆಯಲ್ಲಿ ಎಂದು ಪುಸ್ತಕ ತೋರಿಸಿದೆ. ಅವರು ಸಕ್ಕರೆ ಬಾಯಿಗೆ ಹಾಕಿಕೊಂಡರು. ಆಮೇಲೆ, “ನೀವು ಓದಿದಿರಿ, ಸಿಹಿ ಹಂಚಿದಿರಿ. ಅರ್ಥ ಹೇಳಲಿಲ್ಲ. ಪರೀಕ್ಷೆಯಲ್ಲಿ ಅರ್ಥ ಹೇಳದವರನ್ನು ನಾನು ಪಾಸು ಮಾಡುವುದಿಲ್ಲ,” ಎಂದರು.

ಹೊರಗೆ ಬಂದ ಮೇಲೆ ಅಕ್ಕೋರು ನನ್ನನ್ನು ಕಾರಿಡಾರಿನಲ್ಲಿ ನಿಲ್ಲಿಸಿಕೊಂಡರು.

“ಏನ್ ತಮ್ಮಾ, ಇದೇನ್ ಮಠಾ ಅಂತ ತಿಳದೀಯೇನು?”

“ಮಗು ಹುಟ್ಟಿತ್ರಿ ಅಕ್ಕೋರ. ಮತ್ತೇನ್ ಅರ್ಥಾ ಹೇಳೂದೈತ್ರಿ ಅದರಾಗ?”

“ಅದನ್ನ ಹೇಳಾಕನ ನಿನ್ನ ಇಲ್ಲಿ ಮಟಾ ವಿಮಾನದಾಗ ಹೊತಗೊಂಡ ಬಂದಾರ,” ಎಂದು ಹೇಳಿ ಅವರು ಹೋದರು. ಸ್ವಲ್ಪ ದೂರ ಹೋಗಿ ತಿರುಗಿ, “ಸಕ್ರಿ ಉಳದಿದ್ರ ಕೊಡು, ಹಾಸ್ಟೆಲ್ಲಿನ ಚಹಾ ಬಾಯಾಗ ಇಡಾಕಾಗವಲ್ದು,” ಎಂದರು.

ಅಂದಿನಿಂದ ತಕ್ಕಡಿಯ ಕನಸು ಬೀಳತೊಡಗಿತು.

ಮುತ್ಯಾನ ಮನೆ

ಎಲೆ ಉದುರುವ ಕಾಲದಲ್ಲಿ ನಮ್ಮನ್ನೆಲ್ಲ ಬಸ್ಸಿನಲ್ಲಿ ಹಾಕಿ ಮುತ್ಯಾ ಬಾಳಿ ಬದುಕಿದ ಹಳ್ಳಿಯ ಮನೆಗೆ ಕರೆದೊಯ್ದರು. ಈಗ ಅದು ವಸ್ತುಸಂಗ್ರಹಾಲಯ. ಬರ್ಚ್ ಗಿಡಗಳ ಸಾಲಿನ ಕೆಳಗೆ ನಡೆದು ಹೋಗುವಾಗ ಎಲ್ಲರೂ ತಾವಾಗಿಯೇ ದನಿ ಇಳಿಸಿದ್ದರು. ಅಷ್ಟು ಶಾಂತ ಜಾಗ ಕಂಡರೆ ನಮ್ಮವರ ಕೈ ತಾನೇ ಕಾಲಿನ ಕಡೆ ಹೋಗುತ್ತದೆ. ನಾನು ಮೆಟ್ಟಿಲ ಹತ್ತಿರ ಬೂಟು, ಕಾಲುಚೀಲ ಎರಡನ್ನೂ ಕಳಚಿ ಬದಿಗಿಟ್ಟು ಬರಿಗಾಲಿನಲ್ಲಿ ಒಳಗೆ ಹೋದೆ.

ಒಳಗೆ ಕೋಣೆಗೊಬ್ಬಳಂತೆ ಮುದುಕಿಯರು ಕುರ್ಚಿ ಹಾಕಿಕೊಂಡು ಉಣ್ಣೆ ಹೆಣೆಯುತ್ತ ಕಾವಲು ಕೂತಿದ್ದರು. ಮೊದಲ ಕೋಣೆಯ ಮುದುಕಿ ನನ್ನ ಪಾದ ನೋಡಿ ಹೆಣಿಗೆ ಕೆಳಗೆ ಬಿಟ್ಟಳು. ಅಲ್ಲಿಯ ಕ್ರಮವೇ ಬೇರೆ: ಬೂಟು ಬಿಚ್ಚಬಾರದು, ಬೂಟಿನ ಮೇಲೆ ಬಟ್ಟೆಯ ದೊಡ್ಡ ಚಪ್ಪಲಿ ಕಟ್ಟಿಕೊಂಡು, ನೆಲವನ್ನು ಸವರುತ್ತ ಜಾರಬೇಕು. ಭಕ್ತರ ಕಾಲಿನಿಂದ ನೆಲವೂ ಹೊಳಪಾಗುತ್ತದೆ. ಯುಕ್ತಿ ಒಪ್ಪತಕ್ಕದ್ದೇ. ಆದರೆ ನನಗೆ ಅದನ್ನು ತಿಳಿಸುವ ಬದಲು ಆಕೆ ನನ್ನನ್ನು ತನ್ನ ಕುರ್ಚಿಯಲ್ಲಿ ಕೂಡಿಸಿ, ಅರ್ಧ ಹೆಣೆದ ಉಣ್ಣೆಯನ್ನು ನನ್ನ ಪಾದಗಳಿಗೆ ಸುತ್ತಿ, ಬೂಟು ಹುಡುಕಲು ಹೊರಗೆ ಓಡಿದಳು. ಮೆಟ್ಟಿಲ ಬದಿಗೆ ಬೂಟು ಇರಲಿಲ್ಲ. ಯಾರೋ ಅನಾಥ ಬೂಟುಗಳೆಂದು ತಿಳಿದು ಕಚೇರಿಗೆ ಒಪ್ಪಿಸಿದ್ದರು. ಅವು ಬರುವ ತನಕ ಉಳಿದವರು ಮುತ್ಯಾನ ಬರೆಯುವ ಮೇಜು, ಮಂಚ, ಗೋಡೆಯ ಮೇಲಿನ ಪಟಗಳನ್ನೆಲ್ಲ ನೋಡಿ ಬಂದರು. ನಾನು ನೋಡಿದ್ದು ಒಂದು ಬಾಗಿಲ ಸಂದಿ.

ತಿರುಗಿ ಬರುವಾಗ ಬಸ್ಸಿನಲ್ಲಿ ಲಿದಿಯಾ ಆಂದ್ರೇಯೆವ್ನಾ ನನ್ನ ಬಾಜು ಕೂತು, ನಿಮ್ಮ ತಂದೆಯವರು ಏನು ಮಾಡುತ್ತಿದ್ದರು ಎಂದು ಕೇಳಿದರು. ಒಕ್ಕಲುತನ ಎಂದೆ. ಶ್ರಾವಣದಲ್ಲಿ ಮಾತ್ರ ಪುಸ್ತಕದ ಅರ್ಥ ಹೇಳುತ್ತಿದ್ದರು ಎಂದೂ ಹೇಳಿದೆ. “ಹಾಗಾದರೆ ನಿಮಗೇಕೆ ಬರುವುದಿಲ್ಲ?” ಎಂದರು. ನಾನು ಕಿಟಕಿಯ ಹೊರಗೆ ಹಿಂದೆ ಸರಿಯುವ ಬರ್ಚ್ ಗಿಡಗಳನ್ನು ಎಣಿಸತೊಡಗಿದೆ. 

ಪರೀಕ್ಷೆ

ಪರೀಕ್ಷೆ ಬರುವ ಹೊತ್ತಿಗೆ ಹಿಮ ಕಿಟಕಿಯ ಅರ್ಧಕ್ಕೆ ಬಂದಿತ್ತು. ನಮ್ಮ ಮಹಡಿಯ ಮೇಲ್ವಿಚಾರಣೆ ಮಾಡುವ ಹೆಂಗಸು ಬೆಳಿಗ್ಗೆ ನನ್ನನ್ನು ತಡೆದು ಒಂದು ನಾಣ್ಯ ಕೊಟ್ಟಳು. ಪರೀಕ್ಷೆಗೆ ಹೋಗುವವರು ಅದನ್ನು ಬೂಟಿನಲ್ಲಿ ಹಿಮ್ಮಡಿಯ ಕೆಳಗೆ ಇಟ್ಟುಕೊಂಡರೆ ಪಾಸಾಗುತ್ತಾರಂತೆ. ನಾನು ಧರ್ಮಸಂಕಟಕ್ಕೆ ಬಿದ್ದೆ. ಲಕ್ಷ್ಮಿಯನ್ನು ತುಳಿಯುವುದು ಹೇಗೆ, ಪಾಸಾಗದಿರುವುದು ಹೇಗೆ. ಕೊನೆಗೆ ನಾಣ್ಯವನ್ನು ಟೊಪ್ಪಿಗೆಯೊಳಗೆ ಇಟ್ಟುಕೊಂಡೆ. ಟೊಪ್ಪಿಗೆಯನ್ನು ಬಾಗಿಲ ಹೆಂಗಸು ಕೋಟಿನೊಂದಿಗೆ ಕಸಿದುಕೊಂಡಳು.

ಅಲ್ಲಿಯ ಪರೀಕ್ಷೆ ಬರೆಯುವುದಲ್ಲ, ಬಾಯಿಂದ ಹೇಳುವುದು. ಮೇಜಿನ ಮೇಲೆ ಚೀಟಿಗಳನ್ನು ಬೋರಲು ಹಾಕಿರುತ್ತಾರೆ; ಒಂದನ್ನು ಎತ್ತಬೇಕು. ಅದರಲ್ಲಿ ಯಾವ ಪ್ರಸಂಗ ಬಂತೋ ಅದನ್ನು ಪುಸ್ತಕ ತೆರೆದು ಓದಿ, ಅರ್ಥ ಹೇಳಬೇಕು. ಮೇಜಿನ ಆಚೆ ಲಿದಿಯಾ ಆಂದ್ರೇಯೆವ್ನಾ, ಅವರ ಬಾಜು ವಿಭಾಗದ ಕಚೇರಿಯಿಂದ ಬಂದ ಒಬ್ಬ ಬೋಳುತಲೆಯ ಅಧಿಕಾರಿ. ಅವರ ಮುಂದೆ ಚಹಾದ ಗ್ಲಾಸು. ಇಬ್ಬಿಬ್ಬರನ್ನು ಒಳಗೆ ಕರೆಯುತ್ತಿದ್ದರು: ಒಬ್ಬರು ಉತ್ತರ ಹೇಳುವಾಗ ಇನ್ನೊಬ್ಬರು ಹಿಂದೆ ಕೂತು ತಯಾರಿ ಮಾಡಬೇಕು. ನನ್ನ ಹಿಂದೆ ಕೂತವರು ಅಕ್ಕೋರು.

ನನ್ನ ಚೀಟಿಯಲ್ಲಿ ಬಂದದ್ದು ಮುದಿ ಜಮೀನ್ದಾರನ ಸಾವು.

ಪುಸ್ತಕ ತೆರೆದು ಓದಿದೆ. ಮುದುಕ ಹಾಸಿಗೆ ಹಿಡಿದಿದ್ದಾನೆ. ಇಡೀ ಜನ್ಮ ಮಗಳನ್ನು ಬೈಯುತ್ತಲೇ ಕಳೆದವನು ಈಗ ಆಕೆಗೆ ಏನೋ ಹೇಳಬೇಕೆನ್ನುತ್ತಾನೆ, ನಾಲಿಗೆ ಏಳುವುದಿಲ್ಲ. ಓದಿ ತಲೆ ಎತ್ತಿದಾಗ ವರ್ಗ, ಅವನತಿ, ವೈರುಧ್ಯ ಎಂದು ಬಾಯಿಪಾಠ ಮಾಡಿದ್ದೆಲ್ಲ ಒಮ್ಮೆಲೇ ಹಾರಿಹೋಗಿತ್ತು. ತಕ್ಕಡಿ ಕಣ್ಣ ಮುಂದೆ ಬಂತು. ಬೇರೆ ದಾರಿ ಕಾಣದೆ ನಮ್ಮ ತಂದೆಯವರು ಮಠದ ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದ ರೀತಿಯಲ್ಲಿ ಸುರುಮಾಡಿದೆ. ಈ ಮುದುಕ ಬೈದದ್ದೆಲ್ಲ ಯಾಕೆ ಬೈದ? ಪ್ರೀತಿ ಎಂಬ ಮಾತು ಅವನ ಮನೆಯಲ್ಲಿ ಯಾರೂ ಆಡಿದ್ದನ್ನು ಅವನು ಕೇಳಿರಲಿಲ್ಲ. ಕೇಳದ ಮಾತು ಬಾಯಿಗೆ ಹೇಗೆ ಬಂದೀತು? ಈಗ ಆ ಮಾತು ಬಂದಿದೆ, ಆದರೆ ನಾಲಿಗೆ ಹೋಗಿದೆ. ಇದನ್ನೇ ಇಂಗ್ಲಿಷಿನಲ್ಲಿ, ನಡುನಡುವೆ 'ಕೇಳ್ರೆಪಾ' ಎಂಬುದನ್ನು ನುಂಗಿಕೊಳ್ಳುತ್ತ, ಹೇಳಿದೆ. ಲಿದಿಯಾ ಆಂದ್ರೇಯೆವ್ನಾ ಶಾಲು ಸರಿಮಾಡಿಕೊಳ್ಳುವುದನ್ನು ನಿಲ್ಲಿಸಿದರು. ಅಧಿಕಾರಿಯ ಚಹಾ ಆರಿತು.

ಮುದುಕ ಸತ್ತ. “ಸಾಕು,” ಎಂದರು ಲಿದಿಯಾ ಆಂದ್ರೇಯೆವ್ನಾ. “ಪುಸ್ತಕ ಮುಚ್ಚಿ.”

ಕಷ್ಟ ಬಂದದ್ದು ಇಲ್ಲಿ. ಪುರಾಣಕ್ಕೆ ಒಂದು ಕಟ್ಟಳೆಯಿದೆ: ಸಾವಿನ ಪ್ರಸಂಗದಲ್ಲಿ ಪುಸ್ತಕ ಮುಚ್ಚಬಾರದು. ಎಷ್ಟೇ ಹೊತ್ತಾಗಲಿ, ಒಂದು ಶುಭ ಪ್ರಸಂಗ ಬರುವ ತನಕ ಓದಿ, ಅಲ್ಲಿ ನಿಲ್ಲಿಸಬೇಕು. ಇಲ್ಲವಾದರೆ ಕೇಳಿದವರ ಮನೆಗೆ ಒಳ್ಳೆಯದಲ್ಲ. ನಾನು ಎಂ.ಎ. ಮಾಡಿದವನು, ಇಂಥದನ್ನೆಲ್ಲ ನಂಬುವುದಿಲ್ಲ. ಆದರೆ ಕೈ ಪುಸ್ತಕ ಮುಚ್ಚಲು ಒಪ್ಪಲಿಲ್ಲ. ಎದುರಿಗೆ ವಯಸ್ಸಾದ ಹೆಣ್ಣುಮಗಳು ಕೂತಿದ್ದಾಳೆ, ಹಿಂದೆ ಅಕ್ಕೋರು ಕೂತಿದ್ದಾರೆ, ಕೇಳಿದವರು ಅವರೇ. ನಾನು ಹಾಳೆ ತಿರುಗಿಸಿದೆ.

ಮುಂದಿನ ಹಾಳೆಯಲ್ಲಿ ಶವಯಾತ್ರೆ. ಅದರ ಮುಂದೆ ಆಸ್ತಿಯ ಜಗಳ. ಅದು ಮುಗಿಯಿತು ಎನ್ನುವಷ್ಟರಲ್ಲಿ ಕಣಜಕ್ಕೆ ಬೆಂಕಿ ಬಿತ್ತು. ಮುತ್ಯಾನ ಮೇಲೆ ನನಗೆ ಮೊದಲ ಸಲ ಸಿಟ್ಟು ಬಂತು. ಅಧಿಕಾರಿ ಗಡಿಯಾರ ನೋಡಿಕೊಂಡು ರಷ್ಯನ್ ಭಾಷೆಯಲ್ಲಿ ಏನೋ ಅಂದರು. ಉತ್ತರ ಮುಗಿದ ಮೇಲೆ ನಿಲ್ಲಿಸದವರನ್ನು ಪರೀಕ್ಷೆಯಿಂದ ಹೊರಗೆ ಹಾಕಬಹುದಂತೆ ಎಂದು ಲಿದಿಯಾ ಆಂದ್ರೇಯೆವ್ನಾ ನನಗೆ ತಿಳಿಸಿದರು.

ಹಿಂದಿನಿಂದ ಅಕ್ಕೋರ ಪಿಸುಮಾತು ಬಂತು: “ತಮ್ಮಾ, ಮುಚ್ಚು ಅದನ್ನ. ನೌಕರಿ ಕಳಕೋತಿ.”

“ಮುದಕ ಸತ್ತಾನ್ರಿ ಅಕ್ಕೋರ. ಹೆಂಗ ಮುಚ್ಚಲಿ?”

 ಅಕ್ಕೋರೂ ನಮ್ಮ ಕಡೆಯವರೇ.

ಏನು ಹುಡುಕುತ್ತಿದ್ದೀರಿ ಎಂದು ಲಿದಿಯಾ ಆಂದ್ರೇಯೆವ್ನಾ ಕೇಳಿದರು. ಹೇಳಿದೆ. ಅವರು ಅದನ್ನು ಅಧಿಕಾರಿಗೆ ಅನುವಾದಿಸಿದರು. ಇಬ್ಬರೂ ಬಹಳ ಹೊತ್ತು ಮಾತಾಡಿಕೊಂಡರು. ನನ್ನನ್ನು ಆಸ್ಪತ್ರೆಗೆ ಕಳಿಸುವ ಮಾತೋ ವಿಮಾನಕ್ಕೆ ಹತ್ತಿಸುವ ಮಾತೋ ತಿಳಿಯಲಿಲ್ಲ. ಆಮೇಲೆ ಲಿದಿಯಾ ಆಂದ್ರೇಯೆವ್ನಾ ಕನ್ನಡಕ ಏರಿಸಿಕೊಂಡು ಪುಸ್ತಕವನ್ನು ತಮ್ಮ ಕಡೆ ತಿರುಗಿಸಿಕೊಂಡರು. ಒಂದು ನಿಶ್ಚಿತಾರ್ಥ ಇದೆ, ಆದರೆ ಇನ್ನೂ ಬಹಳ ದೂರ ಎಂದರು. ಹಿಂದೆ ಹೋಗಬಹುದೇ ಎಂದು ಕೇಳಿದರು. ಹಿಂದೆ ಹೋದರೆ ಮುದುಕ ಮತ್ತೆ ಎದ್ದು ಕೂರುತ್ತಾನೆ, ಮತ್ತೆ ಸಾಯಬೇಕಾಗುತ್ತದೆ ಎಂದೆ. ಅವರು ವಿಚಾರ ಮಾಡಿ, ಹೌದು ಎಂದರು.

ಅಧಿಕಾರಿ ಒಂದು ಸಾಲಿನ ಮೇಲೆ ಬೆರಳಿಟ್ಟರು: ಮನೆಮಂದಿಯೆಲ್ಲ ಕೂತು ಸೂಪು ಕುಡಿಯುತ್ತಿದ್ದರು. ಸಾವಾದ ಮನೆಯ ಊಟ ಶುಭದ ಲೆಕ್ಕಕ್ಕೆ ಬರುವುದಿಲ್ಲ ಎಂದು ನಾನು ವಿನಯದಿಂದ ತಿಳಿಸಿದೆ. ಅವರು ಹುಬ್ಬು ಗಂಟಿಕ್ಕಿ, ಚಹಾ ಬದಿಗೆ ಸರಿಸಿ, ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ಮೂವರೂ ಒಂದೇ ಪುಸ್ತಕದ ಮೇಲೆ ಬಾಗಿ ಹುಡುಕಿದೆವು. ಕೊನೆಗೆ ಲಿದಿಯಾ ಆಂದ್ರೇಯೆವ್ನಾ ಅವರಿಗೇ ಸಿಕ್ಕಿತು, ಒಂದೇ ಸಾಲು: ಆ ರಾತ್ರಿ ಹಿತ್ತಲಿನ ಕೊಟ್ಟಿಗೆಯಲ್ಲಿ ಕೆಂದಾಕಳು ಕರು ಹಾಕಿತು.

ಇದು ನಡೆಯುತ್ತದೆಯೇ ಎಂದು ಮುಖ ನೋಡಿದರು. ನಡೆಯುತ್ತದೆ ಎಂದು ನಾನು ಆ ಸಾಲನ್ನು ಗಟ್ಟಿಯಾಗಿ ಓದಿದೆ. ಅಕ್ಕೋರು ಉಸಿರು ಬಿಟ್ಟದ್ದು ಕೇಳಿಸಿತು. ಪುಸ್ತಕ ಮುಚ್ಚಿದೆ.

ಕಾರಿಡಾರು

ಫಲಿತಾಂಶವನ್ನು ಎಲ್ಲರದೂ ಮುಗಿದ ಮೇಲೆ ಒಟ್ಟಿಗೆ ಓದುವುದು ಅಲ್ಲಿಯ ರೂಢಿ. ಮಧ್ಯಾಹ್ನದ ಊಟಕ್ಕೆ ಬಿಡುತ್ತಾರೆಂದು ಎಲ್ಲರೂ ಎಣಿಸಿದ್ದರು. ಆಗಲಿಲ್ಲ. ಒಬ್ಬ ವಿದ್ಯಾರ್ಥಿಗೆ ಕೊಟ್ಟ ಅವಕಾಶವನ್ನು ಉಳಿದವರಿಗೆ ಕೊಡದಿರುವುದು ಸಮಾನತೆಗೆ ವಿರುದ್ಧ ಎಂದು ಅಧಿಕಾರಿ ಅಪ್ಪಣೆ ಮಾಡಿದ್ದರು. ಆದ್ದರಿಂದ ಅಂದು ಪ್ರತಿಯೊಬ್ಬರೂ ತಮ್ಮ ಪ್ರಸಂಗ ಮುಗಿಸಿ, ಮುಂದೆ ಓದಿ, ಒಂದು ಶುಭ ಕಾರ್ಯದಲ್ಲಿ ನಿಲ್ಲಿಸಬೇಕಾಯಿತು. ಮಂಗೋಲಿಯದವನಿಗೆ ಮದುವೆಯ ಚೀಟಿಯೇ ಬಂದಿತ್ತು. ಅವನು ಹೋದಂತೆ ಬಂದ. ಕ್ಯೂಬಾದವನಿಗೆ ಯುದ್ಧ ಬಂತು. ಅವನು ಒಳಗೆ ಹೋಗಿ ಬಹಳ ಹೊತ್ತಾಗಿ, ಬಾಗಿಲಲ್ಲಿ ಅವನ ಮುಖ ಕಂಡಾಗ ನಾನು ಕಿಟಕಿಯ ಕಡೆ ತಿರುಗಿದೆ. ಹಂಗೇರಿಯವನು ನನಗೆ ತನ್ನ ಭಾಷೆಯಲ್ಲಿ ಏನೋ ಅಂದ. ಅನುವಾದ ಬೇಕಾಗಲಿಲ್ಲ.

ಅಕ್ಕೋರು ಹೊರಗೆ ಬಂದಾಗ ಅವರ ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು.

“ಹೆಂಗಾತ್ರಿ ಅಕ್ಕೋರ?”

“ಮಾತಾಡ್ಸಬ್ಯಾಡ ನನ್ನ. ಜೈಲಿನ ಚೀಟಿ ಬಂದಿತ್ತು. ಆ ಜೈಲಿನಾಗ ಒಂದ ಒಳ್ಳೇ ಕೆಲಸಾ ನಡೀಬೇಕಂದ್ರ ಎಷ್ಟ ಹಾಳಿ ತಿರುವಿದೆ ಗೊತ್ತೈತೇನ್ ನಿನಗ?” ಎಂದರು. ಆಮೇಲೆ ಸೆರಗು ಬಿಡಿಸಿಕೊಳ್ಳುತ್ತ, “ಒಬ್ಬ ಕೈದಿ ಇನ್ನೊಬ್ಬಂಗ ಬೂಟ್ ಕೊಟ್ಟ. ನಡಿತೈತಿ ಅಂದ್ರು,” ಎಂದರು.

ಹೊರಗೆ ಕತ್ತಲಾದ ಮೇಲೆ ಎಲ್ಲರನ್ನೂ ಒಳಗೆ ಕರೆದು ಸಾಲಾಗಿ ನಿಲ್ಲಿಸಿದರು. ಅಕ್ಕೋರಿಗೆ ಐದು. ಮಂಗೋಲಿಯದವನಿಗೆ ನಾಲ್ಕು. ನನಗೆ ಮೂರು.

ಮೂರು ಎಂದರೆ ಎಷ್ಟಕ್ಕೆ ಮೂರು ಎಂಬುದನ್ನು ಆ ಚಳಿಗಾಲವಿಡೀ ನಾನು ಯಾರನ್ನೂ ಕೇಳಿರಲಿಲ್ಲ. ನಮ್ಮ ಕಡೆ ಮೂರು ಅಂಕವನ್ನು ಶಾಯಿ ಚೆಲ್ಲಿದವನಿಗೂ ಕೊಡುವುದಿಲ್ಲ. ಗಿರಿಜಾಳಿಗೆ ತಂತಿ ಕೊಡಬೇಕೋ ನೇರ ಹೋಗಿ ಮುಖ ತೋರಿಸಬೇಕೋ ಎಂದು ಯೋಚಿಸುತ್ತ ನಿಂತುಬಿಟ್ಟೆ. ಉಳಿದವರು ಊಟದ ಮನೆಗೆ ಓಡಿದರು. ಅಕ್ಕೋರು ನನ್ನ ಅವಸ್ಥೆ ನೋಡಿ ಹತ್ತಿರ ಬಂದರು.

“ಐದಕ್ಕ ಮೂರೋ ತಮ್ಮಾ. ಎರಡಕ್ಕ ನಪಾಸ. ನೀ ಕಾಯಂ ಆದಿ.”

 ಪಾಸಾದ ಮನುಷ್ಯನ ಧೈರ್ಯದಿಂದ ಮೇಜಿನ ಹತ್ತಿರ ಹೋಗಿ, ಎರಡು ಅಂಕ ಎಲ್ಲಿ ಹೋದವು ಎಂದು ಲಿದಿಯಾ ಆಂದ್ರೇಯೆವ್ನಾ ಅವರನ್ನು ಕೇಳಿದೆ.

“ಮುದುಕನ ಸಾವಿಗೆ ಐದು,” ಎಂದರು. “ಆಕಳಿಗೆ ಒಂದು. ಅದನ್ನು ನೀವು ಓದಿದಿರಿ, ಅರ್ಥ ಹೇಳಲಿಲ್ಲ. ಸರಾಸರಿ ಮೂರು.”

ಅವರು ಚೇಷ್ಟೆ ಮಾಡುತ್ತಿದ್ದಾರೋ ಖರೆಯೇ ಹೇಳುತ್ತಿದ್ದಾರೋ ಆ ಮುಖದಲ್ಲಿ ಗೊತ್ತಾಗುವಂತಿರಲಿಲ್ಲ. ಶಾಲು ಹೊದ್ದುಕೊಳ್ಳುತ್ತ, “ನಿಮ್ಮ ತಂದೆಯವರಾಗಿದ್ದರೆ ಆ ಸಾಲಿಗೆ ಏನು ಹೇಳುತ್ತಿದ್ದರು?” ಎಂದು ಕೇಳಿದರು.

ನಾನು ವಿಚಾರ ಮಾಡಿದೆ. “ಏನೂ ಹೇಳುತ್ತಿರಲಿಲ್ಲ. ಮೊದಲು ಅವರೇ ಕೇಳುತ್ತಿದ್ದರು, ಹೋರಿಗರುವೋ ಹೆಣ್ಣುಗರುವೋ ಎಂದು. ಅದು ಗೊತ್ತಾಗದೆ ಮುಂದೆ ಹೋಗುತ್ತಿರಲಿಲ್ಲ.”

ಲಿದಿಯಾ ಆಂದ್ರೇಯೆವ್ನಾ ಕನ್ನಡಕ ಹಾಕಿಕೊಂಡು ಪುಸ್ತಕ ತೆರೆದರು. ಆ ಸಾಲನ್ನು ಓದಿದರು, ಕೆಳಗಿನದನ್ನು ಓದಿದರು, ಹಾಳೆ ತಿರುಗಿಸಿ ಅದನ್ನೂ ಓದಿದರು. ಸೇನಾಪತಿಯ ಕೋಟಿನ ಗುಂಡಿಗಳಿಗೆ ಮೂರು ಪುಟ ಕೊಟ್ಟ ಮುತ್ಯಾ ಈ ಕರುವಿಗೆ ಒಂದು ಅಕ್ಷರವನ್ನೂ ಖರ್ಚು ಮಾಡಿರಲಿಲ್ಲ.

“ಬರೆದಿಲ್ಲ,” ಎಂದರು. ಅವರ ಮುಖದಲ್ಲಿ ನನಗೆ ಮೊದಲ ಸಲ ಗುರುತು ಹತ್ತುವಂಥದೊಂದು ಕಂಡಿತು: ಏನೂ ತಿಳಿಯದ ಭಾವ. ಅಧಿಕಾರಿ ಕೋಟು ತೊಟ್ಟುಕೊಂಡು ಹೊರಟಿದ್ದವರು ಬಾಗಿಲಲ್ಲೇ ನಿಂತು ಏನು ವಿಷಯ ಎಂದು ಕೇಳಿದರು. ಅವರಿಗೆ ಹೇಳಿದಾಗ ಕೋಟು ಬಿಚ್ಚಿ ಕುರ್ಚಿಯ ಮೇಲೆ ಹಾಕಿ, ಎರಡನೆಯ ಸಂಪುಟದಲ್ಲಿ ಆ ಕೊಟ್ಟಿಗೆ ಮತ್ತೊಮ್ಮೆ ಬರುತ್ತದೆ, ತರಿಸೋಣ ಎಂದರು.